ಜೋಕುಮಾರನ ಬಲಿಯೂ ಹೊಲದ ಒಡೆತನವೂ

ಹಿಂಸೆಯು ಎಲ್ಲಿಂದ ಮೊದಲಾಗುತ್ತದೆ ಎಂಬುದು ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ಸಮಾಜವು ಮತ್ತೆ ಮತ್ತೆ ಕೇಳಿಕೊಳ್ಳಬೇಕಾದ ಪ್ರಶ್ನೆ. ಕೈಯೆತ್ತಿದಾಗಲೋ, ಎತ್ತಬೇಕೆಂಬ ಭಾವ ಮೂಡಿದಾಗಲೋ, ಅಥವಾ ಅದಕ್ಕೂ ಮೊದಲೇ ‘ಇದು ನನ್ನದು’ ಎಂದು ಹೊಲದ ಸುತ್ತ ಬದು ಹಾಕಿದಾಗಲೋ? ಈ ಪ್ರಶ್ನೆಯನ್ನು ಇತ್ತೀಚಿನ ಕಾಲದಲ್ಲಿ ತೀಕ್ಷ್ಣವಾಗಿ ಎತ್ತಿದ ಕನ್ನಡ ಕೃತಿಯೊಂದು ಶಾಸ್ತ್ರಗ್ರಂಥವಲ್ಲ, ನಾಟಕ. ಅದು ಡಾ. ಚಂದ್ರಶೇಖರ ಕಂಬಾರರು 1972ರಲ್ಲಿ ರಂಗಭೂಮಿಗೆ ಕೊಟ್ಟ ‘ಜೋಕುಮಾರಸ್ವಾಮಿ’.

ಕಂಬಾರರು 1937ರ ಜನವರಿ 2ರಂದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ, ಘಟಪ್ರಭೆಯ ದಂಡೆಯ ಕಮ್ಮಾರ ಮನೆತನವೊಂದರಲ್ಲಿ ಜನಿಸಿದರು. ಗೋಕಾಕದ ಶಾಲೆಯಲ್ಲಿ ಓದುತ್ತಿದ್ದಾಗ ಬಡತನದಿಂದ ವಿದ್ಯಾಭ್ಯಾಸವೇ ನಿಲ್ಲುವಂತಾಯಿತು. ಆಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಆಶ್ರಯವಿತ್ತು ಮುಂದುವರಿಸಿದರು. ಮುಂದೆ ಅವರು ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಓದಿದುದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದುದು, ‘ಸಿರಿಸಂಪಿಗೆ’ಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 2010ನೇ ಸಾಲಿನ ಜ್ಞಾನಪೀಠ, ಇವೆಲ್ಲ ಸರ್ವವಿದಿತ. ಆದರೆ ನಾಟಕಕಾರನಾಗಿ ಅವರ ಮೊದಲ ಪಾಠಶಾಲೆ ಈ ನೆಲದ ಬಯಲಾಟವೇ. ಹಿಂದೆ ಗೋಕಾಕಕ್ಕೂ ಇಂದು ಮೂಡಲಗಿ ತಾಲೂಕಿಗೂ ಸೇರಿದ ಕುಲಗೋಡದ ತಮ್ಮಣ್ಣನು ಶ್ರೀಕೃಷ್ಣ ಪಾರಿಜಾತವನ್ನು ಆಟಕ್ಕಿಳಿಸಿದನು. ಕೌಜಲಗಿಯ ನಿಂಗಮ್ಮ ಅದನ್ನು ಹಾಡಿ ಕುಣಿದು ಮನೆಮಾತಾಗಿಸಿದಳು. ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡರು, ಬೈಲಹೊಂಗಲದ ಕೊಲೆಯೊಂದನ್ನು ಹಾಡುವ ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿದರು.

ಜೋಕುಮಾರನ ಹಬ್ಬವನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಗಣೇಶ ಚೌತಿಯ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು, ಬೇವಿನ ಸೊಪ್ಪು ಮುಡಿದು, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಮನೆಮನೆಗೆ ಬರುವ ಆ ಮಣ್ಣಿನ ಮೂರ್ತಿಯ ಆಯುಸ್ಸು ಏಳೇ ದಿನ. ಹುಣ್ಣಿಮೆಯಂದು ಅವನು ಸಾಯಬೇಕು. ಸತ್ತರೆ ಮಳೆ, ಬೆಳೆ. ಕಂಬಾರರು ಈ ಆಚರಣೆಯನ್ನು ಹೊಲದ ಜಗಳಕ್ಕೆ ಜೋಡಿಸಿದರು. ಬಂದೂಕಿನ ಬಲದಿಂದ ಊರ ಹೊಲಗಳನ್ನೆಲ್ಲ ನುಂಗಿದ ಗೌಡ, ಹೆಂಡತಿಗೆ ಮಾತ್ರ ಮಗುವನ್ನು ಕೊಡಲಾರ. ಬಸಣ್ಣ ತಾನು ಉತ್ತು ಹಸನು ಮಾಡಿದ ಹೊಲ ತನ್ನದೆಂದು ಎದುರು ನಿಲ್ಲುತ್ತಾನೆ. ಗೌಡ್ತಿ ಗಂಡನಿಗೆಂದು ಮಾಡಿದ ಜೋಕುಮಾರಸ್ವಾಮಿಯ ಪಲ್ಯ ಹೊಲದಲ್ಲಿದ್ದ ಬಸಣ್ಣನ ಪಾಲಾಗುತ್ತದೆ. ಅವಳು ಬಸಿರಾಗುತ್ತಾಳೆ, ಗೌಡನ ಕಡೆಯವರು ಬಸಣ್ಣನನ್ನು ಕೊಲ್ಲುತ್ತಾರೆ.

ಈ ಕಥೆಯಲ್ಲಿ ಕೊಲೆ ಕೊನೆಯಲ್ಲಿ ನಡೆಯುತ್ತದೆ, ನಿಜ. ಆದರೆ ಗೌಡನು ಬಂದೂಕು ಸಿಡಿಸದೆ ಸುಮ್ಮನೆ ಹೆಗಲಿಗೇರಿಸಿ ನಡೆದಾಗಲೂ ಊರು ನಡುಗುತ್ತಿತ್ತಲ್ಲ, ಅದು ಹಿಂಸೆಯಲ್ಲವೆ? ವಸ್ತುವಿನ ಮೇಲಿನ ಮೂರ್ಛೆಯೇ, ಅಂದರೆ ಮಮಕಾರವೇ ಪರಿಗ್ರಹವೆಂದು ಉಮಾಸ್ವಾತಿ ಆಚಾರ್ಯರು ಹೇಳಿರುವುದನ್ನು ಬಲ್ಲ ಶ್ರಾವಕನಿಗೆ ಗೌಡನ ಪಾತ್ರ ಅಪರಿಚಿತವೆನಿಸದು. ಅವನು ಉಣ್ಣಲಾರದಷ್ಟನ್ನು ಹಿಡಿದಿದ್ದಾನೆ, ಉಳಲಾರದಷ್ಟನ್ನು ತನ್ನದೆನ್ನುತ್ತಾನೆ. ಹಿಡಿದುದನ್ನು ಉಳಿಸಿಕೊಳ್ಳಲು ಕೊಲ್ಲಲೇಬೇಕಾಗುತ್ತದೆ. ಪರಿಗ್ರಹಕ್ಕೆ ಪರಿಮಾಣವನ್ನು ವ್ರತವಾಗಿ ವಿಧಿಸಿದವರು ಅಹಿಂಸೆಯನ್ನು ಕಾಯುವ ಬೇಲಿಯಾಗಿಯೇ ಅದನ್ನು ಕಂಡಿರಬೇಕು.

ಈ ಮಾತು ಕೇವಲ ರಂಗದ ಮಾತಲ್ಲ. ಬೆಳಗಾವಿ, ಚಿಕ್ಕೋಡಿ, ಹುಕ್ಕೇರಿ ಕಡೆಯ ಜೈನರಲ್ಲಿ ಒಕ್ಕಲುತನದವರೇ ಬಹಳ. ತಾವೇ ಮಡಿಕೆ ಹಿಡಿದವರೂ ಇದ್ದರು, ಗೇಣಿಗೆ ಕೊಟ್ಟವರೂ ಇದ್ದರು. ನಾಟಕ ಬಂದ ಎರಡೇ ವರ್ಷಕ್ಕೆ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನು ಒಡೆತನ ಕೇಳುವಂತಾಯಿತು. ಕಾಯ್ದೆಯಿಂದ ಜಮೀನು ಹೋಯಿತೆಂಬ ಕೊರಗು ಅನೇಕ ಮನೆಗಳಲ್ಲಿ ಬಹುಕಾಲ ಉಳಿಯಿತು. ಕಾಯ್ದೆ ಕಿತ್ತುಕೊಂಡಿತೆನ್ನುವವರು, ವ್ರತವಾಗಿ ತಾವೇ ಬಿಡಬಹುದಾಗಿತ್ತೆ ಎಂದು ಕೇಳಿಕೊಂಡಿದ್ದು ಅಪರೂಪ. ಬಸದಿಯ ಹೆಸರಿನಲ್ಲಿ ಜಮೀನು ನೋಡಿಕೊಳ್ಳುವ ವಿಶ್ವಸ್ತರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ದೇವರ ಹೊಲವೆಂದ ಮಾತ್ರಕ್ಕೆ ಅದರಲ್ಲಿ ದುಡಿಯುವವನ ಹೊಟ್ಟೆ ತುಂಬುವುದಿಲ್ಲ.

ಆದರೂ ನಾಟಕವನ್ನು ಪೂರ್ತಿಯಾಗಿ ಒಪ್ಪಲು ಜೈನ ಮನಸ್ಸು ಹಿಂಜರಿಯುವ ಸ್ಥಳವೊಂದಿದೆ. ಬಸಣ್ಣನ ಸಾವು ಅಲ್ಲಿ ಕೊಲೆಯಾಗಿ ಮಾತ್ರ ಉಳಿಯದೆ ಜೋಕುಮಾರನ ಸಾವೂ ಆಗುತ್ತದೆ. ನೆಲಕ್ಕೆ ಬಿದ್ದ ನೆತ್ತರು ಬೆಳೆಯ ಭರವಸೆಯಾಗುತ್ತದೆ. ಕಾವ್ಯವಾಗಿ ಇದು ಬಲವಾದ ಪ್ರತಿಮೆಯೇ. ಆದರೆ ಬಲಿಯಿಂದ ಸುಭಿಕ್ಷವೆಂಬ ನಂಬಿಕೆಯನ್ನು ಜನ್ನನು 1209ರಷ್ಟು ಹಿಂದೆಯೇ ‘ಯಶೋಧರ ಚರಿತೆ’ಯಲ್ಲಿ ಬೇರು ಸಹಿತ ಕಿತ್ತಿದ್ದನು. ಅಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಕೊಲ್ಲುವುದು ಜೀವವಿಲ್ಲದ ಹಿಟ್ಟಿನ ಹುಂಜವನ್ನು. ಸಂಕಲ್ಪವೊಂದೇ ಸಾಕಾಗಿ ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ. ಹಿಟ್ಟಿನ ಹುಂಜದ ಬಲಿಯೇ ಅಷ್ಟು ಭಾರವಾದರೆ, ನಿಜವಾದ ಮನುಷ್ಯನೊಬ್ಬನ ಸಾವನ್ನು ಹಬ್ಬದ ಲಯಕ್ಕೆ ಹೊಂದಿಸಿ ನೋಡುವುದರಲ್ಲಿ ಕೊಂದವನ ಪಾಪ ಸ್ವಲ್ಪವಾದರೂ ಹಗುರಾಗದೆ? ಕಂಬಾರರ ಉದ್ದೇಶ ಅದಲ್ಲದಿರಬಹುದು. ಆದರೆ ಪ್ರೇಕ್ಷಕನು ಹಾಡಿನ ಗುಂಗಿನಲ್ಲಿ ಮನೆಗೆ ಹೋಗುವಾಗ ಗೌಡನ ಮೇಲಿನ ಸಿಟ್ಟನ್ನೂ ಜೊತೆಗೆ ಒಯ್ಯುತ್ತಾನೆಂಬ ಭರವಸೆಯಿಲ್ಲ.

ಜನ್ನನ ಅಮೃತಮತಿಯೂ ಕಂಬಾರರ ಗೌಡ್ತಿಯೂ ಗಂಡನ ಹಾಸಿಗೆಯ ಆಚೆಗೆ ಹೋದವರು. ಒಬ್ಬಳು ಮಾವಟಿಗನ ಹಾಡಿಗೆ ಮನಸೋತು ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕವಿ ಅವಳನ್ನು ಕ್ಷಮಿಸುವುದಿಲ್ಲ. ಇನ್ನೊಬ್ಬಳು ಬಯಸಿದ್ದು ಮಗುವನ್ನು, ಹೋದದ್ದು ಗಂಡನಿಗೇ ಉಣಬಡಿಸಲು. ಅವಳನ್ನು ದೂಷಿಸಲು ನಾಟಕಕಾರರಿಗೆ ಮನಸ್ಸಿಲ್ಲ, ಓದುಗನಿಗೂ ಆಗದು. ಶೀಲದ ಪ್ರಶ್ನೆಯನ್ನು ಬದಿಗಿಡಬೇಕೆಂದಲ್ಲ. ಅವಳನ್ನು ವಿಚಾರಿಸುವ ಮೊದಲು, ಬಂಜೆಯೆಂಬ ಮಾತನ್ನು ಅವಳ ಮೇಲೆ ಹೊರಿಸಿದ ಗಂಡನನ್ನು ವಿಚಾರಿಸಬೇಕಾಗುತ್ತದೆ. ಪರದೆ ಬೀಳುವ ಹೊತ್ತಿಗೆ ಗೌಡನ ಕೈಯಲ್ಲಿ ಬಂದೂಕೂ ಇದೆ, ಹೊಲವೂ ಇದೆ. ಆ ಹೊಲಕ್ಕೆ ನಾಳೆ ಒಡೆಯನಾಗಲಿರುವ ಕೂಸು ಮಾತ್ರ ಬಸಣ್ಣನದು.