ನೆರೆ ಬಂದಾಗ ನೆರೆಯವರು

ಕನ್ನಡದಲ್ಲಿ ನೆರೆ ಎಂದರೆ ಪ್ರವಾಹ. ನೆರೆ ಎಂದರೆ ಪಕ್ಕದ ಮನೆಯೂ ಹೌದು. ಮೊದಲು ಉರ್ದು, ಆಮೇಲೆ ಕನ್ನಡ ಕಲಿತ ನಮಗೆ ಶಾಲೆಯಲ್ಲಿ ಈ ಪದ ಬಹಳ ಗೊಂದಲ ಮಾಡಿತ್ತು. ಉರ್ದುವಿನಲ್ಲಿ ಸೈಲಾಬ್ ಬೇರೆ, ಪಡೋಸಿ ಬೇರೆ. ಒಂದು ಜೀವ ತೆಗೆಯುವಂಥದ್ದು, ಇನ್ನೊಂದು ಜೀವಕ್ಕಾಗುವಂಥದ್ದು; ಎರಡಕ್ಕೂ ಒಂದೇ ಹೆಸರು ಹೇಗೆ ಎಂದು ಮಾಸ್ತರರನ್ನು ಕೇಳಿದ್ದೆವು. ಅವರು ನಕ್ಕು, "ಹೊಳಿ ಬಂದಾಗ ತಿಳೀತೈತಿ, ಕೂಡ್ರು" ಎಂದಿದ್ದರು.

ರೋಣ ತಾಲೂಕಿನ ನಮ್ಮ ಹೊಳೆಆಲೂರು ಮಲಪ್ರಭೆಯ ದಂಡೆಯ ಮೇಲಿದೆ. ಗದಗದಿಂದ ಬಾಗಲಕೋಟೆಗೆ ಹೋಗುವ ರೈಲು ಇಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಹೊಳೆ ಎಲ್ಲಿದೆ ಎಂದು ಹುಡುಕಬೇಕು. ಆದರೆ ಮೇಲೆ ಸವದತ್ತಿಯ ಹತ್ತಿರ ನವಿಲುತೀರ್ಥ ಅಣೆಕಟ್ಟಿನ ಬಾಗಿಲು ತೆರೆದು, ಅದೇ ಹೊತ್ತಿಗೆ ಬೆಣ್ಣಿಹಳ್ಳವೂ ಉಕ್ಕಿತೆಂದರೆ ದಂಡೆಯ ಊರುಗಳಿಗೆ ನಿದ್ದೆಯಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕವೇ ಮುಳುಗಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷದ ನಂತರ, 2019ರ ಆಗಸ್ಟ್‌ನಲ್ಲಿ, ನೀರು ಮತ್ತೆ ಬಂತು.

ಆ ಎರಡನೆಯ ನೆರೆಯ ನಂತರ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಎಷ್ಟು ಸಲ ಗೋಡೆ ಕಟ್ಟುವುದು? ಮಕ್ಕಳ ಓದಿಗೆ ಹುಬ್ಬಳ್ಳಿಯೇ ಆಗಬೇಕು, ಅಲ್ಲೇ ಒಂದು ಮನೆ ಮಾಡಿದರೆ ಹೇಗೆ? ಸರಿ, ಹುಬ್ಬಳ್ಳಿ ಎಂದರೆ ಯಾವ ಹುಬ್ಬಳ್ಳಿ? ಯಾವ ಬಡಾವಣೆ? ನಮ್ಮ ರೀತಿನೀತಿಗೆ, ನಮ್ಮ ದೀನ್‌ಗೆ, ನಮ್ಮ ಊಟ ಉಡುಗೆಗೆ ಹೊಂದುವ ಜಾಗ ಯಾವುದು? ಊರು ಬಿಟ್ಟು ನಗರಕ್ಕೆ ಹೋಗುವ ಪ್ರತಿಯೊಂದು ಕುಟುಂಬವೂ ಈ ಪ್ರಶ್ನೆ ಕೇಳಿಕೊಳ್ಳುತ್ತದೆ. ಇದು ಸೈಟಿನ ಅಳತೆ, ನಲ್ಲಿ ನೀರು, ಬಸ್ಸಿನ ದಾರಿಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಹುಡುಕುತ್ತ ಹೋದಂತೆ ಇದು ನಾವು ಎಂಥವರು ಎಂಬ ಪ್ರಶ್ನೆಯಾಗಿಬಿಡುತ್ತದೆ.

ಬಿಟ್ಟು ಹೊರಟ ಓಣಿ ಹೇಗಿತ್ತು ಎಂಬುದನ್ನು ಮೊದಲು ಹೇಳಬೇಕು. 2019ರಲ್ಲಿ ನೀರು ಬಂದಾಗ ನಾಗರ ಪಂಚಮಿ ಮುಗಿದು ಮೂರು ದಿನವಾಗಿತ್ತು. ಬಕ್ರೀದ್‌ಗೆ ಇನ್ನೂ ನಾಲ್ಕು ದಿನವಿತ್ತು. ನಡುರಾತ್ರಿ ಬಾಗಿಲು ಬಡಿದವಳು ಎದುರು ಮನೆಯ ಲಿಂಗಾಯತರ ಅವ್ವ. "ಏಳ್ರೆವ್ವಾ, ನೀರು ಕಟ್ಟಿಗೆ ಬಂತು!" ಲಕ್ವಾ ಹೊಡೆದು ಮಲಗಿದ್ದ ನಮ್ಮ ಅಬ್ಬಾನನ್ನು ಅವಳ ಮಗ ಬೆನ್ನ ಮೇಲೆ ಹೊತ್ತುಕೊಂಡ. ನಾವು ಅವರ ಎರಡು ಎಮ್ಮೆಗಳ ಹಗ್ಗ ಬಿಚ್ಚಿ ಹೊಡೆದುಕೊಂಡು ಹೋದೆವು. ಎತ್ತರದ ಶಾಲೆಯೊಂದರಲ್ಲಿ ಎಲ್ಲರೂ ಉಳಿದೆವು. ಅವ್ವ ಮನೆಯಿಂದ ತಂದದ್ದು ಒಂದೇ ಸಾಮಾನು, ಪಂಚಮಿಯ ಉಂಡಿಯ ಡಬ್ಬಿ. ಮೊದಲ ದಿನ ಓಣಿಯ ಮಕ್ಕಳೆಲ್ಲ ಅದನ್ನೇ ತಿಂದರು. ಬಕ್ರೀದ್ ದಿನ ಆ ಶಾಲೆಯ ಅಂಗಳದಲ್ಲೇ ನಮಾಝ್ ಮಾಡಿದೆವು. ನಾವು ಸಾಲಾಗಿ ನಿಲ್ಲಲೆಂದು ಆ ಅವ್ವನೇ ಕಸಬರಿಗೆ ಹಿಡಿದು ಕೆಸರು ಬಳಿದಿದ್ದಳು. ಕುರ್ಬಾನಿಯ ಹಣವನ್ನು ಗದಗದ ಸಂಬಂಧಿಕರಿಗೆ ಕಳಿಸಿ ಅಲ್ಲಿಯೇ ಮಾಡಿಸಿದೆವು. ಬೇಡವೆಂದು ಯಾರೂ ಹೇಳಿರಲಿಲ್ಲ. ಒಂದೇ ಸೂರಿನ ಕೆಳಗೆ ಮಾಂಸ ಮುಟ್ಟದವರು ಉಣ್ಣುತ್ತಿರುವಾಗ ನಮಗೇ ಅದು ಸರಿ ಕಾಣಲಿಲ್ಲ.

ಹೀಗೆಂದಮಾತ್ರಕ್ಕೆ ನಮ್ಮ ಓಣಿ ಜನ್ನತ್ ಆಗಿರಲಿಲ್ಲ. ಬಚ್ಚಲ ನೀರಿಗೆ, ಕೋಳಿಗೆ, ಗೋಡೆಯ ಗೇಣು ಜಾಗಕ್ಕೆ ಜಗಳವಾಗಿವೆ. ಆ ಅವ್ವ ನಮ್ಮ ಮನೆಯಲ್ಲಿ ಒಂದು ಕಪ್ಪು ಚಹಾ ಕುಡಿದವಳಲ್ಲ. ನಮ್ಮ ಹಳ್ಳಿಗಳಲ್ಲಿ ಕೇರಿ ಕೇರಿಗೂ ಜಾತಿಯ ಗೆರೆ ಇದ್ದೇ ಇದೆ. ದಲಿತರ ಮನೆಗಳು ಎಷ್ಟೋ ಊರುಗಳಲ್ಲಿ ತಗ್ಗಿನಲ್ಲಿರುವುದರಿಂದ ಹೊಳೆ ಮೊದಲು ಹೊಗುವುದೂ ಅಲ್ಲಿಗೇ. ಊರನ್ನು ಹೊಗಳುವವರು ಇದನ್ನು ಮರೆಯಬಾರದು. 'ನಮ್ಮ ರೀತಿನೀತಿಗೆ ಹೊಂದುವವರ ನಡುವೆ ಇರುತ್ತೇವೆ' ಎಂಬ ಮಾತು ಇಂದಿನ ಬಡಾವಣೆಗಳು ಹುಟ್ಟಿಸಿದ್ದಲ್ಲ. ಅಗ್ರಹಾರವನ್ನೂ ಹೊಲಗೇರಿಯನ್ನೂ ಕಟ್ಟಿದ್ದು ಇದೇ ಮಾತು. ಆದರೂ ನಮ್ಮ ಓಣಿಯಲ್ಲಿ ಒಬ್ಬರಿಗೊಬ್ಬರು ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರವಿದ್ದೆವು. ಆ ರಾತ್ರಿ ಉಪಯೋಗಕ್ಕೆ ಬಂದದ್ದು ಅಷ್ಟೇ, ಮತ್ತು ಅಷ್ಟು ಸಾಕಾಯಿತು.

2009ರ ನೆರೆಯ ನಂತರ ಸರ್ಕಾರ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ದಂಡೆಯ ಹಳ್ಳಿಗಳಿಗೆ ಎತ್ತರದ ಜಾಗದಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದಿತ್ತು, ಅದರಿಂದ ಎಷ್ಟೋ ಜೀವ ನೆಮ್ಮದಿ ಕಂಡಿವೆ. ಆದರೂ ಅನೇಕ ಕಡೆ ಆ ಮನೆಗಳು ವರ್ಷಗಟ್ಟಲೆ ಖಾಲಿ ಬಿದ್ದು ಮುಳ್ಳುಕಂಟಿ ಬೆಳೆದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಣಕಿ ಬಣವೆ ಎಲ್ಲಿ ಒಟ್ಟುವುದು ಎಂದು ಜನ ಕೇಳಿದರು. ಇವೆಲ್ಲ ನಿಜವಾದ ತೊಂದರೆಗಳು. ಇವುಗಳ ಹಿಂದೆ ಕಾಗದದಲ್ಲಿ ಬರೆಯಲಾಗದ ಇನ್ನೊಂದಿದೆ. ಮನೆಗಳನ್ನು ಪಟ್ಟಿ ಮಾಡಿ ನಂಬರು ಹಾಕಿ ಹಂಚಬಹುದು. ಎದುರು ಬಾಗಿಲಿಗೆ ಯಾರು ಬರುತ್ತಾರೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ನಲವತ್ತು ವರ್ಷದ ಜಗಳ ಮತ್ತು ಜೊತೆಯನ್ನು ಬಿಟ್ಟು ಹೋಗಲು ಮುದುಕರಿಗೆ ಮನಸ್ಸಾಗಲಿಲ್ಲ.

ಈಗ ಹುಬ್ಬಳ್ಳಿಯ ಮಾತು. ನಮಗೆ ಮನೆ ತೋರಿಸಲು ಬಂದ ದಲ್ಲಾಳಿ ದಾರಿಯುದ್ದಕ್ಕೂ ಚೆನ್ನಾಗಿ ಮಾತಾಡಿದ. ಹೆಸರು ಕೇಳಿದ ಮೇಲೆ ಬೈಕು ನಿಲ್ಲಿಸಿ, "ನಿಮ್ಮವರ ಏರಿಯಾದಾಗ ಚೊಲೋ ಮನಿ ಅದಾವ್ರೀ, ಅಲ್ಲೇ ತೋರಸ್ತೇನಿ" ಎಂದ. ಅವನ ಮುಖದಲ್ಲಿ ದ್ವೇಷವೇನೂ ಇರಲಿಲ್ಲ. ಎರಡು ಕಡೆಯವರಿಗೂ ಮುಜುಗರ ತಪ್ಪಿಸುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ನಗರದ ಮುಸ್ಲಿಮರಿಗೆ ಈ ಮಾತು ಹೊಸದಲ್ಲ. ಮುಸ್ಲಿಮೇತರರ ಬಡಾವಣೆಗಳಲ್ಲಿ ಮನೆ ಸಿಗದಿರುವುದನ್ನೂ, ಭಯದಿಂದ ಒಂದೆಡೆ ಗುಂಪಾಗುವುದನ್ನೂ 2006ರಲ್ಲಿ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ.

ನಮ್ಮವರ ಬಡಾವಣೆಗೂ ಹೋದೆವು. ಸುಳ್ಳು ಹೇಳಬಾರದು, ಅಲ್ಲಿ ಹೊಕ್ಕ ಕೂಡಲೇ ಎದೆ ಹಗುರಾಯಿತು. ಅಝಾನ್ ಕೇಳುತ್ತದೆ, ಮಸೀದಿ ನಾಲ್ಕು ಹೆಜ್ಜೆ, ಮಕ್ಕಳಿಗೆ ಮದ್ರಸಾ, ಉರ್ದು ಶಾಲೆ, ಹಲಾಲ್ ಅಂಗಡಿ. ನಮ್ಮ ಮನೆಯಾಕೆ ಅಲ್ಲೇ ನಿರ್ಧಾರ ಮಾಡಿಬಿಟ್ಟಿದ್ದಳು. ಆಗ ಸೈಟು ಮಾರುವವರು ವಿಶ್ವಾಸದಿಂದ ಹತ್ತಿರ ಬಂದು, "ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಎಲ್ಲಾ ಒಳ್ಳೆ ಖಾನ್‌ದಾನಿನವರೇ ಅದಾರ. ಪಿಂಜಾರರು, ಕಸಾಯಿಗಳಿಗೆ ನಾವು ಇಲ್ಲಿ ಕೊಡಂಗಿಲ್ಲ" ಎಂದರು.

ನಮ್ಮ ತಾಯಿಯ ತವರು ಪಿಂಜಾರರ ಮನೆ. ಅಜ್ಜ ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದವರು. ನಾವು ಅದನ್ನು ಹೇಳಲಿಲ್ಲ. ತಲೆ ಅಲ್ಲಾಡಿಸಿ ಚಹಾ ಕುಡಿದು ಬಂದೆವು. ದಲ್ಲಾಳಿ ಬೈಕು ನಿಲ್ಲಿಸಿದಾಗ ಆದ ನೋವಿಗಿಂತ ಆ ನಮ್ಮ ಮೌನದ ನೋವು ಹೆಚ್ಚು ದಿನ ಉಳಿಯಿತು. ಒಂದು ಬಾಗಿಲಲ್ಲಿ ನಮ್ಮನ್ನು ಅಳೆದ ಕೋಲಿನಿಂದಲೇ ಇನ್ನೊಂದು ಬಾಗಿಲಲ್ಲಿ ಬೇರೆಯವರನ್ನು ಅಳೆಯುತ್ತಿದ್ದರು, ಮತ್ತು ನಾವು ಒಳಗಡೆ ನಿಂತು ಸುಮ್ಮನಿದ್ದೆವು.

ತನಗೆ ಹೊಂದುವವರ ನಡುವೆ ಇರಲು ಬಯಸುವುದು ತಪ್ಪೇ? ಕಾನೂನು ತಪ್ಪೆನ್ನುವುದಿಲ್ಲ. ಪಾರ್ಸಿಗಳ ಗೃಹನಿರ್ಮಾಣ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೇ ಮೀಸಲಿಟ್ಟದ್ದನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಸಣ್ಣ ಸಮುದಾಯವೊಂದು ತನ್ನ ಬದುಕಿನ ರೀತಿಯನ್ನು ಉಳಿಸಿಕೊಳ್ಳಲು ಕೂಡಿ ಇರಬೇಕೆನ್ನುವುದು ನಮಗೂ ಅರ್ಥವಾಗುತ್ತದೆ. ಆದರೆ ಕೋರ್ಟು ಒಪ್ಪಿದ್ದನ್ನೆಲ್ಲ ಅಂತಃಕರಣ ಒಪ್ಪಬೇಕೆಂದಿಲ್ಲ.

ಅರ್ಥಶಾಸ್ತ್ರಕ್ಕಾಗಿ 2005ರಲ್ಲಿ ನೊಬೆಲ್ ಪಡೆದ ಅಮೆರಿಕದ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ಒಂದು ಲೆಕ್ಕ ಇಲ್ಲಿ ನೆನಪಾಗುತ್ತದೆ. ಚದುರಂಗದ ಹಾಸಿನಂಥ ಮನೆಗಳಲ್ಲಿ ಎರಡು ಬಗೆಯ ಕಾಯಿಗಳನ್ನು ಬೆರಕೆಯಾಗಿ ಇಡಬೇಕು. ಯಾವ ಕಾಯಿಗೂ ಇನ್ನೊಂದರ ಮೇಲೆ ಹಗೆಯಿಲ್ಲ. ಅಕ್ಕಪಕ್ಕದಲ್ಲಿ ಮೂರರಲ್ಲಿ ಒಂದು ಪಾಲಾದರೂ ನನ್ನಂಥವರು ಇರಲಿ ಎಂಬಷ್ಟೇ ಅದರ ಆಸೆ. ಅಷ್ಟಿಲ್ಲದ ಕಾಯಿ ಎದ್ದು ಬೇರೆ ಕಡೆ ಕೂಡಬೇಕು. ಹೀಗೆ ಆಡುತ್ತ ಹೋದರೆ ಕೊನೆಗೆ ಹಾಸಿನ ಮೇಲೆ ಎರಡು ಬಣ್ಣದ ಎರಡು ಮೊಹಲ್ಲಾಗಳೇ ಉಳಿಯುತ್ತವೆ. ಯಾರೂ ಗೋಡೆ ಬಯಸಿರಲಿಲ್ಲ, ಆದರೂ ಗೋಡೆ ಎದ್ದಿತು. ನಾವು ಆಯ್ಕೆ ಮಾಡುವುದು ನಮ್ಮ ಒಂದು ಮನೆಯನ್ನು ಮಾತ್ರ ಎಂದುಕೊಳ್ಳುತ್ತೇವೆ. ಮಕ್ಕಳು ಬೆಳೆಯುವ ನಗರವನ್ನೂ ಅದರ ಜೊತೆಗೇ ಆಯ್ಕೆ ಮಾಡುತ್ತಿರುತ್ತೇವೆ.

ಆ ಲೆಕ್ಕಕ್ಕೆ ಭಯ ಮತ್ತು ರಕ್ತ ಸೇರಿದರೆ ಏನಾಗುತ್ತದೆ ಎಂಬುದನ್ನು ಅಹಮದಾಬಾದಿನ ಜುಹಾಪುರಾ ತೋರಿಸುತ್ತದೆ. ಅದೂ ನಮ್ಮ ನವಗ್ರಾಮಗಳಂತೆ ನೆರೆಯಿಂದ ಹುಟ್ಟಿದ್ದು. 1973ರಲ್ಲಿ ಸಾಬರಮತಿ ಉಕ್ಕಿ ದಂಡೆಯ ಗುಡಿಸಲುಗಳು ಕೊಚ್ಚಿಹೋದಾಗ ಆ ಬಡವರಿಗೆಂದು ಅಲ್ಲಿ ಸಂಕಲಿತ ನಗರ ಕಟ್ಟಿದರು. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೇ ಬಂದು ಇದ್ದರು. 1985ರ ಗಲಭೆ, 1992ರ ಗಲಭೆ, 2002ರ ಹತ್ಯಾಕಾಂಡ, ಒಂದೊಂದರ ನಂತರವೂ ಹಿಂದೂಗಳು ಹೊರಗೆ ಹೋದರು, ನಗರದ ಬೇರೆ ಕಡೆಯಿಂದ ಪ್ರಾಣಭಯದಲ್ಲಿ ಓಡಿಬಂದ ಮುಸ್ಲಿಮರು ಒಳಗೆ ಬಂದರು. ಇವತ್ತು ಅದು ಲಕ್ಷಗಟ್ಟಲೆ ಮುಸ್ಲಿಮರ ದೊಡ್ಡ ಮೊಹಲ್ಲಾ.

ಹಾಗಾಗಿ ಅಲ್ಲಿ ಹೋಗಿ ನೆಲೆಸಿದವರನ್ನು ದೂರಲು ನಮಗೆ ಬಾಯಿಲ್ಲ. ನಮ್ಮ ಮನೆಯಾಕೆ ಕೇಳಿದ್ದೂ ಅದನ್ನೇ: "ನಿಮಗೇನು, ಕಥಿ ಬರೀತೀರಿ. ನಾಳೆ ಗಲಾಟಿ ಆದ್ರ ಬೆಳೆದ ಮಗಳನ್ನ ಎಲ್ಲಿ ಬಚ್ಚಿಡಲಿ?" 1994ರಲ್ಲಿ ಈದ್ಗಾ ಮೈದಾನದ ವಿವಾದಕ್ಕೆ ಗೋಲಿಬಾರು ನಡೆದು ಜೀವಗಳು ಹೋದ ಹುಬ್ಬಳ್ಳಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಾಗದು. ಅಂಜಿದವನು ಆಸರೆ ಹುಡುಕುವುದು ಬೇರೆ, ಬಲವಿದ್ದವನು ಬಾಗಿಲು ಹಾಕಿಕೊಳ್ಳುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸಿಂಗಾಪುರದಲ್ಲಿ 1989ರಿಂದ ಸರ್ಕಾರಿ ವಸತಿಯ ಪ್ರತಿ ಕಟ್ಟಡದಲ್ಲೂ ಯಾವ ಜನಾಂಗದವರು ಎಷ್ಟು ಮನೆಗಳ ತನಕ ಇರಬಹುದು ಎಂದು ಮಿತಿ ಹಾಕಿದ್ದಾರೆ. ಅಲ್ಲಿ ಸರ್ಕಾರ ಹೊತ್ತಿರುವ ಭಾರವನ್ನು ಇಲ್ಲಿ ಒಂಟಿ ಕುಟುಂಬದ ಹೆಗಲಿಗೆ ಬಿಟ್ಟಿದ್ದೇವೆ.

ಹಾಗಾದರೆ ದೀನ್ ಏನು ಹೇಳುತ್ತದೆ? ದೀನ್‌ದಾರರ ನಡುವೆ ಇದ್ದರೆ ದೀನ್ ಉಳಿಯುತ್ತದೆ ಎಂಬುದು ಹಿರಿಯರ ಮಾತು. ಅದರಲ್ಲಿ ಸತ್ಯವಿದೆ, ಮಸೀದಿಯ ನಂಟಿಲ್ಲದೆ ಬೆಳೆದ ಮಕ್ಕಳು ಕೈತಪ್ಪಿದ್ದನ್ನು ನಾವೂ ಕಂಡಿದ್ದೇವೆ. ಆದರೆ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೆಯ ವಚನ, ತಂದೆತಾಯಿ ಮತ್ತು ಅನಾಥರ ಜೊತೆಯಲ್ಲೇ ಬಂಧುವಾದ ನೆರೆಯವನನ್ನೂ ಅಪರಿಚಿತನಾದ ನೆರೆಯವನನ್ನೂ ಹೆಸರಿಸಿ ಒಳಿತು ಮಾಡಲು ಹೇಳುತ್ತದೆ. ಇಬ್ಬರು ನೆರೆಯವರಲ್ಲಿ ಯಾರಿಗೆ ಉಡುಗೊರೆ ಕಳಿಸಲಿ ಎಂದು ಹಝ್ರತ್ ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹತ್ತಿರವೋ ಅವರಿಗೆ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಅವರ ಅನುಯಾಯಿ ಅಬ್ದುಲ್ಲಾ ಬಿನ್ ಅಮ್ರ್(ರ) ಮನೆಯಲ್ಲಿ ಕುರಿ ಕೊಯ್ದ ದಿನ, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸಿದರೆಂಬ ವರದಿಯಿದೆ. ಇಲ್ಲೆಲ್ಲ ಅಳತೆ ಬಾಗಿಲಿನದು. ಖಾನ್‌ದಾನಿನದೂ ಅಲ್ಲ, ಮಝ್‌ಹಬಿನದೂ ಅಲ್ಲ. ನೆರೆಯವನ ಹಕ್ಕು ಎಂಬುದು ದೀನ್‌ನ ಒಳಗಿನದೇ ಆಗಿರುವಾಗ, ಬೇರೆ ನೆರೆಯವನೇ ಇಲ್ಲದ ಜಾಗಕ್ಕೆ ಹೋಗಿ ಆ ಹಕ್ಕನ್ನು ಮಕ್ಕಳಿಗೆ ಕಲಿಸುವುದು ಹೇಗೆ?

ಈ ಎಲ್ಲ ತರ್ಕದ ನಂತರ ನಾವು ಎರಡು ಪಟ್ಟಿ ಮಾಡಿದೆವು. ನಮಗೆ ಬೇಕಾದದ್ದು ಒಂದು: ನಡೆದು ಹೋಗುವಷ್ಟು ದೂರದಲ್ಲಿ ಮಸೀದಿ, ಮಗಳಿಗೆ ಒಳ್ಳೆಯ ಶಾಲೆ, ಸಂಜೆ ಅಂಜದೆ ಬರುವ ದಾರಿ. ಇನ್ನೊಂದು, ನಾವು ನೋಡಲು ಬಯಸದೇ ಇರುವುದು. ಎರಡನೆಯ ಪಟ್ಟಿ ಓದಿದಾಗ ಇಬ್ಬರಿಗೂ ನಾಚಿಕೆಯಾಯಿತು. ಅದರಲ್ಲಿ ಇದ್ದದ್ದೆಲ್ಲ ಮನುಷ್ಯರೇ. ಮೊದಲನೆಯದನ್ನು ಇಟ್ಟುಕೊಂಡು ಅದನ್ನು ಹರಿದು ಹಾಕಿದೆವು.

ಕೊನೆಗೆ ಎಲ್ಲ ಬಗೆಯವರೂ ಇರುವ ಒಂದು ಹಳೆಯ ಬಡಾವಣೆಯಲ್ಲಿ ಬಾಡಿಗೆಗೆ ಎರಡು ಕೋಣೆ ಸಿಕ್ಕವು. ಮಸೀದಿ ಇಪ್ಪತ್ತು ನಿಮಿಷದ ನಡಿಗೆ. ಮಾಲೀಕರು ನೇರವಾಗಿಯೇ ಹೇಳಿದರು: "ಮಾಂಸ ಮಾಡೂದಾದ್ರ ಕಿಡಕಿ ಹಾಕ್ಕೊಂಡು ಮಾಡ್ರಿ, ನಮ್ಮವ್ವಗ ವಾಸನಿ ಆಗಂಗಿಲ್ಲ." ಒಪ್ಪಿಕೊಂಡೆವು. ಇದು ಬಗ್ಗಿದಂತಲ್ಲವೇ ಎಂದು ಗೆಳೆಯರು ಕೇಳಿದರು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳು ಅವರ ಮನೆಯ ಟಿ.ವಿ. ಸದ್ದು ನಾವು ಕೇಳದೆಯೇ ಇಳಿಯಿತು. ಎರಡು ಕಡೆಯಿಂದಲೂ ಬಗ್ಗುವುದಾದರೆ ಅದನ್ನು ಸೋಲೆಂದು ನಾವು ಎಣಿಸುವುದಿಲ್ಲ. ನಾಳೆ ಏನಾಗುತ್ತದೋ ಅಲ್ಲಾಹನೇ ಬಲ್ಲ. ಮನೆಯಾಕೆಯ ಅಂಜಿಕೆ ಪೂರ್ತಿ ಹೋಗಿಲ್ಲ. ಹೋಗಬೇಕೆಂದು ನಾವು ಒತ್ತಾಯಿಸುವುದೂ ಇಲ್ಲ.

ಹೋದ ಪಂಚಮಿಗೆ ಹೊಳೆಆಲೂರಿನ ಅವ್ವ ರೈಲಿಗೆ ಬರುವವರ ಕೈಯಲ್ಲಿ ಉಂಡಿಯ ಡಬ್ಬಿ ಕಳಿಸಿದ್ದಳು. ನಾಲ್ಕು ಉಂಡಿ ತಟ್ಟೆಗೆ ಹಾಕಿ, ನೆರೆಮನೆಗೆ ಕೊಟ್ಟು ಬಾ ಎಂದು ಮಗಳಿಗೆ ಹೇಳಿದೆವು. "ಯಾರಿಗೆ ಅಬ್ಬಾ, ಕೆಳಗಿನವರಿಗೋ ಎದುರಿನವರಿಗೋ?" ಎಂದು ಅವಳು ಕೇಳಿದಳು. ಯಾರ ಬಾಗಿಲು ಹತ್ತಿರವೋ ಅವರಿಗೆ ಎಂದೆವು.