‘ಗೆದ್ವಿ’, ‘ಸೋತ್ವಿ’: ನೋಡುಗನ ಅಭಿಮಾನದ ವಿಚಾರ

ಆಟದ ಬಯಲಿಗೆ ಇಳಿಯದವನು ಆ ಆಟದ ಗೆಲುವನ್ನು ತನ್ನದೆಂದು ಹೇಳಿಕೊಳ್ಳಬಹುದೇ ಎಂಬ ಪ್ರಶ್ನೆ ಹಳೆಯದು. ಆದರೆ ಭೂಮಿಯ ಯಾವ ಮೂಲೆಯಲ್ಲಿ ನಡೆಯುವ ಸ್ಪರ್ಧೆಯನ್ನಾದರೂ ಟಿ.ವಿ.ಯೂ ಮೊಬೈಲೂ ಅದೇ ಗಳಿಗೆಯಲ್ಲಿ ಕಣ್ಣೆದುರಿಗೆ ತಂದು ನಿಲ್ಲಿಸುವ ಈ ಕಾಲದಲ್ಲಿ ಅದು ಮತ್ತಷ್ಟು ಮೊನಚಾಗಿದೆ. 2021ರ ಜನವರಿ 19ರಂದು ಬ್ರಿಸ್ಬೇನ್‌ನಲ್ಲಿ, ಆಸ್ಟ್ರೇಲಿಯಾ 1988ರಿಂದ ಒಂದೂ ಟೆಸ್ಟ್ ಸೋಲದಿದ್ದ ಅಂಗಳದಲ್ಲಿ, ಭಾರತ 328 ರನ್‌ಗಳ ಗುರಿಯನ್ನು ಮುಟ್ಟಿತು. ಹಾವೇರಿ ಜಿಲ್ಲೆಯ ಗುತ್ತಲದಂಥ ಊರಿನ ಚಹಾದಂಗಡಿಯಲ್ಲಿ ನಿಂತು ಇಂಥ ಆಟವನ್ನು ನೋಡುವ ಅಭಿಮಾನಿಯ ಬಾಯಿಂದ ಹೊರಡುವ ಮಾತು ‘ಗೆದ್ವಿ’ ಎಂಬ ಒಂದೇ ಪದ. ಆ ಪದದಲ್ಲಿ ‘ನಾವು’ ಎಂಬ ಸರ್ವನಾಮ ಕಾಣಿಸದಿದ್ದರೂ ಕ್ರಿಯಾಪದದ ಕೊನೆಯ ಪ್ರತ್ಯಯದಲ್ಲಿ ಅದು ಸೇರಿಕೊಂಡೇ ಇದೆ. ಹಾಗೆಂದವನು ಬ್ಯಾಟು ಹಿಡಿದವನಲ್ಲ, ಅವನ ಊರಿನ ಹೆಸರು ಆಟಗಾರರಿಗೆ ತಿಳಿದಿರುವ ಸಂಭವವೂ ಇಲ್ಲ. ಆದರೂ ‘ಅವರು ಗೆದ್ದರು’ ಎಂದು ಬದಲಿಸಿ ಹೇಳಿದರೆ ಅದು ಅವನ ಅನುಭವಕ್ಕೆ ದ್ರೋಹವಾಗುತ್ತದೆ. ಈ ‘ನಾವು’ ಒಂದು ಭ್ರಮೆಯೇ, ಅಥವಾ ಅದಕ್ಕೊಂದು ಸತ್ಯವಿದೆಯೇ ಎಂಬುದು ಇಲ್ಲಿನ ಜಿಜ್ಞಾಸೆ.

ಕನ್ನಡವು ಇಂಥ ನೋಡುಗನಿಗೆ ಇಟ್ಟಿರುವ ಹೆಸರಿನಲ್ಲಿಯೇ ಈ ಪ್ರಶ್ನೆ ಅಡಗಿದೆ. ‘ಅಭಿಮಾನ’ ಎಂದರೆ ಬಳಕೆಯ ಮಾತಿನಲ್ಲಿ ಪ್ರೀತಿ, ಹೆಮ್ಮೆ. ದರ್ಶನಶಾಸ್ತ್ರದಲ್ಲಾದರೋ ಅದು ಒಂದು ದೋಷದ ಹೆಸರು. ಸಾಂಖ್ಯರು ಅಹಂಕಾರವನ್ನು ವಿವರಿಸುವಾಗ ಅಭಿಮಾನವೇ ಅಹಂಕಾರವೆಂದು ಹೇಳುತ್ತಾರೆ, ಎಂದರೆ ‘ನಾನು’ ಅಲ್ಲದ್ದನ್ನು ‘ನಾನು’ ಎಂದೂ ‘ನನ್ನದು’ ಅಲ್ಲದ್ದನ್ನು ‘ನನ್ನದು’ ಎಂದೂ ತಿಳಿಯುವ ಪ್ರವೃತ್ತಿ. ಈ ಅರ್ಥದಲ್ಲಿ ನೋಡಿದರೆ ಬ್ರಿಸ್ಬೇನಿನ ಗೆಲುವನ್ನು ತನ್ನದೆನ್ನುವ ಗುತ್ತಲದ ನೋಡುಗ ಶಾಸ್ತ್ರೋಕ್ತವಾಗಿಯೇ ತಪ್ಪು ಮಾಡುತ್ತಿದ್ದಾನೆ. ಆಧುನಿಕ ಮನಶ್ಶಾಸ್ತ್ರವೂ ಈ ಸಂಶಯಕ್ಕೆ ಇಂಬು ಕೊಡುತ್ತದೆ. ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಮ್ಮ ಫುಟ್‌ಬಾಲ್ ತಂಡ ಗೆದ್ದ ಆಟವನ್ನು ವರ್ಣಿಸುವಾಗ ‘ನಾವು’ ಎಂದು ಹೇಳುವುದು ಹೆಚ್ಚೆಂದೂ, ಸೋತ ಆಟದ ಮಾತು ಬಂದಾಗ ಆ ‘ನಾವು’ ಕಡಮೆಯಾಗುತ್ತದೆಂದೂ ಕಂಡುಬಂದಿತು. ಪರರ ಕೀರ್ತಿಯ ಬೆಳಕಿನಲ್ಲಿ ಮೈ ಕಾಯಿಸಿಕೊಳ್ಳುವುದು ಎಂಬ ಅರ್ಥದ ಹೆಸರನ್ನು ಅವರು ಈ ನಡವಳಿಕೆಗೆ ಕೊಟ್ಟರು. ಅಧ್ಯಯನದ ಫಲಿತವನ್ನು ಒಪ್ಪಬೇಕು. ಆದರೆ ಅದರಿಂದ ಅಭಿಮಾನವೇ ಸುಳ್ಳೆಂದು ಸಿದ್ಧವಾಗುವುದಿಲ್ಲ. ಅಭಿಮಾನದ ಒರೆಗಲ್ಲು ಯಾವುದೆಂಬುದು ಮಾತ್ರ ಗೊತ್ತಾಗುತ್ತದೆ. ‘ಗೆದ್ವಿ’ ಎಂದವನು ‘ಸೋತ್ವಿ’ ಎಂದೂ ಹೇಳಬಲ್ಲನೇ ಎಂಬುದೇ ಆ ಒರೆಗಲ್ಲು.

ಪಕ್ಷವನ್ನೇ ಹಿಡಿಯದೆ ನೋಡುವುದು ಇದಕ್ಕಿಂತ ಮೇಲಲ್ಲವೇ ಎಂಬ ಆಕ್ಷೇಪಕ್ಕೆ ದೀರ್ಘ ಇತಿಹಾಸವಿದೆ. ಗ್ರೀಸಿನ ಪೈಥಾಗೊರಸ್ ಹೇಳಿದನೆಂದು ಹಳೆಯ ಲೇಖಕರು ಉಲ್ಲೇಖಿಸುವ ದೃಷ್ಟಾಂತವೊಂದರಲ್ಲಿ, ದೊಡ್ಡ ಕ್ರೀಡಾಕೂಟಕ್ಕೆ ಮೂರು ಬಗೆಯ ಜನ ಬರುತ್ತಾರೆ: ಸ್ಪರ್ಧಿಸಿ ಕೀರ್ತಿ ಪಡೆಯಲು ಬಂದವರು, ಕೊಡುಕೊಳ್ಳುವ ವ್ಯಾಪಾರಕ್ಕೆ ಬಂದವರು, ಸುಮ್ಮನೆ ನೋಡಲು ಬಂದವರು; ಇವರಲ್ಲಿ ನೋಡಲು ಬಂದವರೇ ಶ್ರೇಷ್ಠರು, ತತ್ತ್ವಜ್ಞಾನಿ ಅವರಂತೆ. ನೋಡುವಿಕೆಗೆ ಇಷ್ಟು ದೊಡ್ಡ ಗೌರವ ಕೊಟ್ಟ ಮಾತು ಬೇರೆ ಸಿಗುವುದು ಕಷ್ಟ. ಆದರೆ ಯಾವುದೂ ತನ್ನದಲ್ಲವೆಂದು ನೋಡುವವನು ಎಷ್ಟನ್ನು ಕಾಣಬಲ್ಲ? ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಗೆ ಬ್ರೆಜಿಲಿನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯೂ ನಿಂತಿದೆ. ಭಾರತ ಒಮ್ಮೆಯೂ ಆಡದ ವಿಶ್ವಕಪ್ ಫುಟ್‌ಬಾಲಿನಲ್ಲಿ ಅಲ್ಲಿನ ಜನ ಬ್ರೆಜಿಲನ್ನು ತಮ್ಮದಾಗಿಸಿಕೊಂಡಿದ್ದಾರೆ. ಪಕ್ಷ ಹಿಡಿಯುವುದು ಬರಿಯ ದೇಶಾಭಿಮಾನದ ಫಲವಾಗಿದ್ದರೆ ಅಲ್ಲಿ ಯಾವ ಪಕ್ಷವೂ ಇರಬೇಕಾಗಿರಲಿಲ್ಲ. ಪಕ್ಷವು ಮೊದಲು ಗಮನದ ಒಂದು ರೂಪ; ಯಾರಿಗೋ ಮನಸ್ಸು ಕೊಟ್ಟ ಮೇಲೆಯೇ ಆಟದ ಒಂದೊಂದು ಗಳಿಗೆಗೂ ತೂಕ ಬರುತ್ತದೆ, ಒಂದು ತಪ್ಪು ಹೆಜ್ಜೆಯ ಬೆಲೆ ತಿಳಿಯುತ್ತದೆ. ಮನಸ್ಸನ್ನು ಎಲ್ಲಿಯೂ ಇಡದ ನೋಡುಗನಿಗೆ ಚೆಂಡು ಓಡಾಡುವುದು ಕಾಣುತ್ತದೆಯೇ ಹೊರತು ಆಟ ಕಾಣುವುದಿಲ್ಲ.

ಗುತ್ತಲ, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆಯ ಜನಕ್ಕೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ, ಏಕೆಂದರೆ ಅಂತರರಾಷ್ಟ್ರೀಯ ಕ್ರೀಡೆ ಮನೆಯೊಳಗೆ ಬರುವ ಮೊದಲೇ ಆ ಸೀಮೆಗೆ ತನ್ನದೇ ಆದ ನೋಡುವಿಕೆಯ ಶಿಕ್ಷಣವೊಂದಿತ್ತು. ದೀಪಾವಳಿಯ ಹೊತ್ತಿಗೆ ಮೊದಲಾಗುವ ಹೋರಿ ಬೆದರಿಸುವ ಸ್ಪರ್ಧೆ, ಜನರ ಬಾಯಲ್ಲಿ ಹೋರಿ ಹಬ್ಬ, ಹಾವೇರಿ ಜಿಲ್ಲೆಯ ಹಳ್ಳಿಹಳ್ಳಿಗಳ ಆಟ. ವರ್ಷವಿಡೀ ಮನೆಯ ಮಗನಂತೆ ಮೇಯಿಸಿ ಬೆಳೆಸಿದ ಹೋರಿಗೆ ಕೊರಳ ತುಂಬ ಒಣಕೊಬ್ಬರಿಯ ಸರ ಕಟ್ಟಿ, ಕೋಡಿಗೆ ಬಲೂನು, ಬೆನ್ನಿಗೆ ಜೂಲ ಹಾಕಿ, ಇಕ್ಕೆಲದಲ್ಲಿ ಜನ ಕಿಕ್ಕಿರಿದ ದಾರಿಗೆ ಬಿಡುತ್ತಾರೆ. ಹಗ್ಗ ಸಡಿಲವಾದ ಕ್ಷಣ ಮೊದಲು ಗೆಜ್ಜೆಯ ಸದ್ದು, ಅದರ ಹಿಂದೆಯೇ ಧೂಳು. ಆ ಧೂಳಿನೊಳಗಿಂದ ಮೇಲೆದ್ದ ಹತ್ತಾರು ಕೈಗಳು ಕೊಬ್ಬರಿ ಸರಕ್ಕೆ ಹಾತೊರೆಯುತ್ತವೆ, ಒಂದೆರಡು ಕೈ ಹೋರಿಯ ಹೆಗಲಿಗೆ ಜೋತುಬಿದ್ದು ನಾಲ್ಕು ಹೆಜ್ಜೆ ಎಳೆದಾಡಿಸಿಕೊಂಡು ಕಳಚಿಬೀಳುತ್ತವೆ. ಯಾರ ಕೈಗೂ ಸಿಗದೆ ದಾಟಿದ ಹೋರಿ ಗೆದ್ದಂತೆ. ಕೊಬ್ಬರಿ ಹರಿದುಕೊಂಡವನೂ ಗೆದ್ದವನೇ. ಪ್ರತಿಯೊಂದು ಹೆಸರಾದ ಹೋರಿಗೂ ಬಿರುದು ಇರುತ್ತದೆ, ಅಭಿಮಾನಿ ಬಳಗವಿರುತ್ತದೆ, ಬಳಗ ಬಳಗಗಳ ನಡುವೆ ಜಿದ್ದೂ ಇರುತ್ತದೆ. ಈ ಆಟದಲ್ಲಿ ಮೈಮೇಲೆ ಹೋರಿ ಹಾಯ್ದು ಜನ ಸತ್ತದ್ದುಂಟು, ಪ್ರಾಣಿಯ ನೋವಿನ ಪ್ರಶ್ನೆಯೂ ಇದೆ. ಅವನ್ನು ಮರೆಮಾಚಿ ಹೊಗಳುವುದು ಸಲ್ಲದು. ಆದರೆ ನೋಡುಗರ ನಡವಳಿಕೆಯಲ್ಲಿ ಒಂದು ಸಂಗತಿ ಗಮನಾರ್ಹ: ಎದುರು ಬಳಗದ ಹೋರಿ ಯಾರಿಗೂ ಮೈ ಮುಟ್ಟಗೊಡದೆ ಬಾಣದಂತೆ ಹಾದುಹೋದಾಗ, ಜಿದ್ದಿನ ನಡುವೆಯೂ ‘ಭಲೇ’ ಎಂಬ ಉದ್ಗಾರ ಬಾಯಿ ತಪ್ಪಿ ಬಂದುಬಿಡುತ್ತದೆ. ಹಾಗೆ ಬರಬೇಕಾದರೆ ನೋಡುವವನು ತಾನೂ ಒಂದು ಹೋರಿಯನ್ನು ಮನಸಾರೆ ಕಟ್ಟಿಕೊಂಡವನಾಗಿರಬೇಕು. ತನ್ನದರ ಓಟದ ಲಯವನ್ನು ಬಲ್ಲವನಿಗಷ್ಟೇ ಇನ್ನೊಂದರ ಓಟದ ಹೆಚ್ಚುಗಾರಿಕೆ ಅರಿವಾಗುತ್ತದೆ.

ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಬರುವ ಕಥೆಯೊಂದು ಈ ವಿಚಾರಕ್ಕೆ ನೇರವಾಗಿ ಒದಗುತ್ತದೆ. ಇಂದ್ರನ ಧ್ವಜೋತ್ಸವದಲ್ಲಿ ನಡೆದ ಮೊತ್ತಮೊದಲ ಪ್ರಯೋಗದ ವಸ್ತು ದೇವತೆಗಳು ದೈತ್ಯರನ್ನು ಗೆದ್ದ ಸಂಗತಿಯೇ ಆಗಿತ್ತು. ನೋಡಲು ಬಂದಿದ್ದ ದೈತ್ಯರು ತಮ್ಮ ಸೋಲನ್ನು ಕಂಡು ಕೆರಳಿ ಆಟವನ್ನೇ ಕೆಡಿಸಿದರು. ಆಗ ಬ್ರಹ್ಮನು ಅವರನ್ನು ಸಮಾಧಾನಪಡಿಸುತ್ತ, ನಾಟ್ಯವು ಒಂದು ಪಕ್ಷದ ಸ್ವತ್ತಲ್ಲವೆಂದೂ ಮೂರು ಲೋಕಗಳ ಭಾವಗಳನ್ನೂ ತೋರಿಸುವಂಥದೆಂದೂ ತಿಳಿಸುತ್ತಾನೆ. ನಮ್ಮ ಕಲಾಚಿಂತನೆಯ ಮೊದಲ ಪುಟದಲ್ಲಿಯೇ ಪ್ರೇಕ್ಷಕರ ದೊಂಬಿ ಇರುವುದು ಆಕಸ್ಮಿಕವಲ್ಲ. ಮುಂದಿನ ಆಲಂಕಾರಿಕರು ಇದಕ್ಕೆ ಕಂಡುಕೊಂಡ ಪರಿಹಾರದ ಹೆಸರು ಸಾಧಾರಣೀಕರಣ, ಎಂದರೆ ರಂಗದ ಮೇಲಿನ ಸುಖದುಃಖ ‘ನನ್ನದು’, ‘ಶತ್ರುವಿನದು’ ಎಂಬ ಗುರುತುಗಳನ್ನು ಕಳಚಿಕೊಂಡು ಎಲ್ಲ ಸಹೃದಯರಿಗೂ ಸಮಾನವಾಗುವುದು. ಆದರೆ ಈ ಪರಿಹಾರ ಕ್ರೀಡೆಗೆ ಹಾಗೆಯೇ ಹೊಂದುವುದಿಲ್ಲ. ನಾಟಕದ ಕೊನೆ ಮೊದಲೇ ಬರೆದದ್ದು. ಕ್ರೀಡೆಯ ಕೊನೆ ಯಾರೂ ಬರೆಯದ್ದು, ಆಡುವವನಿಗೂ ತಿಳಿಯದ್ದು. ಆದ್ದರಿಂದ ಕ್ರೀಡೆಯ ನೋಡುಗ ‘ನನ್ನದು’ ಎಂಬುದನ್ನು ಬಾಗಿಲಲ್ಲೇ ಬಿಟ್ಟುಬರಲಾರ. ಅದನ್ನು ಹೊತ್ತುಕೊಂಡೇ ಒಳಗೆ ಬಂದು, ಆಟ ನಡೆಯುತ್ತಿರುವಂತೆಯೇ, ಕೆಲವೊಮ್ಮೆ ಆಟ ಮುಗಿದ ಮೇಲೆ, ಅದನ್ನು ದಾಟಬೇಕಾಗುತ್ತದೆ.

ಹೀಗೆ ದಾಟಿದ ಒಂದು ಮಧ್ಯಾಹ್ನ ಭಾರತದ ಕ್ರೀಡಾ ಇತಿಹಾಸದಲ್ಲಿದೆ, ಮತ್ತು ಅದು ಕನ್ನಡಿಗರಿಗೆ ವಿಶೇಷವಾಗಿ ನೋಯುವಂಥದು. 1999ರ ಜನವರಿ 31ರಂದು ಚೆನ್ನೈಯ ಚೆಪಾಕ್ ಅಂಗಳದಲ್ಲಿ ಪಾಕಿಸ್ತಾನದೆದುರು 271 ರನ್ ಗುರಿ ಬೆನ್ನತ್ತಿದ್ದ ಭಾರತ, 82ಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಸ್ಥಿತಿಯಿಂದ ಸಚಿನ್ ತೆಂಡೂಲ್ಕರ್ ಬೆನ್ನುನೋವಿನಲ್ಲೇ ಹೊಡೆದ 136 ರನ್‌ಗಳ ಬಲದಿಂದ ಗೆಲುವಿನ ಹತ್ತಿರ ಬಂದಿತ್ತು. ಅವರು ಔಟಾದಾಗ ಬೇಕಿದ್ದದ್ದು 17 ರನ್. ಉಳಿದಿದ್ದವರು ಗದುಗಿನ ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ನಾಲ್ವರೂ ಕರ್ನಾಟಕದವರು. ಇನ್ನು 4 ರನ್ ಸೇರುವಷ್ಟರಲ್ಲಿ ಆಟ ಮುಗಿಯಿತು. ಭಾರತ 12 ರನ್‌ಗಳಿಂದ ಸೋತಿತು. ಗದಗ ಜಿಲ್ಲೆ ಹಾವೇರಿಗೆ ಅಂಟಿಕೊಂಡದ್ದು, ಎರಡೂ 1997ರವರೆಗೆ ಧಾರವಾಡ ಜಿಲ್ಲೆಯ ಒಳಗೇ ಇದ್ದವು. ಈ ಸೀಮೆಯ ನೋಡುಗನಿಗೆ ಅದು ದೇಶದ ಸೋಲಷ್ಟೇ ಆಗಿರದೆ ನೆರೆಮನೆಯ ಸೋಲೂ ಆಗಿತ್ತು, ‘ಸೋತ್ವಿ’ ಎಂಬ ಪದದ ಪ್ರತ್ಯಯ ಅಲ್ಲಿ ಪೂರ್ತಿ ಅರ್ಥದಲ್ಲಿ ನಿಲ್ಲುತ್ತಿತ್ತು. ಚೆಪಾಕಿನ ಪ್ರೇಕ್ಷಕರು ಮೊದಲು ಸ್ತಬ್ಧರಾದರು, ಆಮೇಲೆ ಎದ್ದು ನಿಂತು ಗೆದ್ದ ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದರು. ಆ ತಂಡ ಅಂಗಳಕ್ಕೆ ಒಂದು ಸುತ್ತು ಹಾಕಿ ಗೌರವವನ್ನು ಸ್ವೀಕರಿಸಿತು. ಮೂರು ವರ್ಷ ಹಿಂದೆ, 1996ರ ಮಾರ್ಚ್ 13ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಭಾರತ ಸೋಲುವುದು ಖಚಿತವಾದಾಗ ಬಾಟಲಿಗಳು ತೂರಿಬಂದು, ಗ್ಯಾಲರಿಯಲ್ಲಿ ಬೆಂಕಿ ಕಾಣಿಸಿಕೊಂಡು, ವಿಶ್ವಕಪ್ ಸೆಮಿಫೈನಲ್ ಅರ್ಧಕ್ಕೇ ನಿಂತು ಶ್ರೀಲಂಕಾಕ್ಕೆ ಗೆಲುವು ಕೊಡಬೇಕಾಗಿ ಬಂದಿತ್ತು. ಎರಡೂ ಕಡೆ ಪಕ್ಷಪಾತದ ತೀವ್ರತೆ ಒಂದೇ ಆಗಿತ್ತು, ಆದ್ದರಿಂದ ವ್ಯತ್ಯಾಸದ ಮೂಲವನ್ನು ಅಲ್ಲಿ ಹುಡುಕುವುದು ವ್ಯರ್ಥ. ಈಡನ್ನಿನಲ್ಲಿ ಸೋಲನ್ನು ತನ್ನದೆಂದು ಒಪ್ಪದ ಕೈ ಅದನ್ನು ಅಂಗಳಕ್ಕೆ ಎಸೆಯಿತು. ಚೆಪಾಕಿನಲ್ಲಿ ಸೋಲನ್ನು ಒಪ್ಪಿಕೊಂಡ ಕಣ್ಣಿಗೆ ಗೆದ್ದವರು ಕಾಣಿಸಿದರು. ತನ್ನ ಸೋಲನ್ನು ಪೂರ್ತಿಯಾಗಿ ಪಡೆದುಕೊಂಡವನಿಗೇ ಎದುರಾಳಿಯ ಗೆಲುವನ್ನು ಪೂರ್ತಿಯಾಗಿ ನೋಡುವ ಬಿಡುವು ಸಿಗುತ್ತದೆ ಎಂಬುದು ಇದರ ತಾತ್ಪರ್ಯ. 2024ರ ಆಗಸ್ಟ್ 8ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಜಾವೆಲಿನ್ನನ್ನು 92.97 ಮೀಟರ್ ದೂರಕ್ಕೆ ಎಸೆದು ಚಿನ್ನವನ್ನೂ, ಭಾರತದ ನೀರಜ್ ಚೋಪ್ರಾ 89.45 ಮೀಟರ್ ಎಸೆದು ಬೆಳ್ಳಿಯನ್ನೂ ಗೆದ್ದಾಗ, ಚಿನ್ನ ಗೆದ್ದವನೂ ತಮ್ಮ ಮಗನೇ ಎಂಬರ್ಥದ ಮಾತನ್ನು ಆಡಿದವರು ನೀರಜ್‌ರ ತಾಯಿ. ಆ ಪಂದ್ಯದಲ್ಲಿ ಅವರಿಗಿಂತ ಹೆಚ್ಚು ಪಕ್ಷಪಾತಿ ಯಾರಿದ್ದರು?

ಅಂತರರಾಷ್ಟ್ರೀಯ ಕ್ರೀಡೆಯನ್ನು ಗುಂಡು ಹಾರದ ಯುದ್ಧವೆಂದು ಜಾರ್ಜ್ ಆರ್ವೆಲ್ 1945ರಲ್ಲಿ ಬರೆದ ಟೀಕೆಗೆ ಈಡನ್ನಿನಂಥ ಉದಾಹರಣೆಗಳು ಬಲ ಕೊಡುತ್ತವೆ, ಚೆಪಾಕಿನಂಥವು ಅದರ ಮಿತಿಯನ್ನು ತೋರಿಸುತ್ತವೆ. ನೋಡುವಿಕೆಯನ್ನು ಕೆಡಿಸುವ ಇನ್ನೊಂದು ಸಂಗತಿ ಬಾಜಿ. ದುಡ್ಡು ಕಟ್ಟಿದವನಿಗೆ ಬೇಕಾದದ್ದು ಫಲಿತಾಂಶ, ಆಟ ಅವನಿಗೆ ಫಲಿತಾಂಶದ ದಾರಿಯಲ್ಲಿ ಕಳೆಯಬೇಕಾದ ಹೊತ್ತು ಮಾತ್ರ. ಸಣ್ಣ ಊರುಗಳ ಎಷ್ಟೋ ಮನೆಗಳಲ್ಲಿ ಅದು ಆಟದ ಪ್ರೀತಿಯನ್ನೂ ಬೆಳೆಯ ದುಡ್ಡನ್ನೂ ಒಟ್ಟಿಗೆ ತಿಂದುಹಾಕಿದೆ.

ಫಲಿತಾಂಶಕ್ಕಿಂತ ಹೋರಾಟವನ್ನೇ ನೋಡುವ ಬಗೆಗೆ ಈ ಸೀಮೆಯಲ್ಲಿ ಹಳೆಯ ಗುರುತುಗಳಿವೆ. ಗುತ್ತಲ ಒಂದು ಕಾಲಕ್ಕೆ ಗುತ್ತವೊಳಲು ಎಂಬ ಹೆಸರಿನ, ಗುತ್ತ ಅರಸರ ರಾಜಧಾನಿಯಾಗಿದ್ದ ಊರು. ಈ ಜಿಲ್ಲೆಯ ಗುಡಿಗಳ ಅಂಗಳಗಳಲ್ಲಿ, ಕೆರೆಯ ದಂಡೆಗಳಲ್ಲಿ ನಿಂತಿರುವ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸನ್ನಿಧಿ. ಕಲ್ಲು ನಿಲ್ಲಿಸಿದ್ದು ಬದುಕಿ ಬಂದವನಿಗಲ್ಲ, ಬಿದ್ದವನಿಗೆ. ಅವನು ಹೇಗೆ ಹೋರಾಡಿದನೆಂಬುದನ್ನು ಯಾರೋ ನೋಡಿದ್ದರಿಂದ, ನೋಡಿದ್ದನ್ನು ಊರು ತನ್ನದಾಗಿಸಿಕೊಂಡದ್ದರಿಂದ ಆ ಕಲ್ಲು ಸಾಧ್ಯವಾಯಿತು. ನೋಡುಗನ ಕೆಲಸಕ್ಕೆ ಸಾಕ್ಷಿತ್ವವೆಂಬ ಹೆಸರು ಸಲ್ಲುವುದು ಈ ಅರ್ಥದಲ್ಲಿ. ಅಂಥ ಸಾಕ್ಷಿ ದೊರೆಯದ ಓಟವೂ ಉಂಟು. 1920ರಲ್ಲಿ, ಗುತ್ತಲದಂತೆಯೇ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿ, 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ 19ನೆಯವರಾಗಿ ಮುಗಿಸಿದರು. ಆ ಓಟದ ಒಂದು ಹೆಜ್ಜೆಯನ್ನೂ ಅವರ ಸೀಮೆಯವರು ಕಾಣುವಂತಿರಲಿಲ್ಲ. ‘ಓಡಿದ್ವಿ’ ಎಂದು ಹೇಳಲು ಒಂದು ಬಾಯಿಯೂ ದಾರಿಯ ಬದಿಯಲ್ಲಿ ಇದ್ದಿರಲಾರದು. ಇಂದಿನ ನೋಡುಗನಿಗೆ ಆ ಅಡ್ಡಿಯಿಲ್ಲ. 19ನೆಯವನೂ, ಅವನಿಗಿಂತ ಎಷ್ಟೋ ಹಿಂದಿನವಳೂ ಅವನ ಕಣ್ಣಳತೆಯಲ್ಲಿದ್ದಾರೆ. 2024ರ ಆಗಸ್ಟ್ 11ರ ಭಾನುವಾರ ಪ್ಯಾರಿಸ್‌ನ ಮಹಿಳಾ ಮ್ಯಾರಥಾನ್‌ನಲ್ಲಿ ನೆದರ್ಲೆಂಡ್ಸ್‌ನ ಸಿಫಾನ್ ಹಸನ್ ಗೆದ್ದು ಒಂದೂವರೆ ಗಂಟೆಯಾದ ಮೇಲೆ, ಭೂತಾನಿನ ಕಿನ್‌ಜಾಂಗ್ ಲಾಮೊ ಕೊನೆಯವರಾಗಿ, ನಡುನಡುವೆ ನಡೆಯುತ್ತ, ರಸ್ತೆಯುದ್ದಕ್ಕೂ ಕಾದು ನಿಂತಿದ್ದ ಜನರ ಚಪ್ಪಾಳೆಯ ನಡುವೆ ಗುರಿಯ ಗೆರೆ ದಾಟಿದರು. ಗುತ್ತಲದ ಗಡಿಯಾರದಲ್ಲಿ ಆಗ ಮಧ್ಯಾಹ್ನ ಮೂರು ದಾಟಿತ್ತು.