ಸೋಮವಾರ, ಶುಕ್ರವಾರ, ಸಂಜೆ ಐದು

ದೇವರಿಗಿಂತ ಗಂಡನನ್ನೇ ಹೆಚ್ಚು ಪ್ರೀತಿಸಿದರೆ ಅದು ವಿಗ್ರಹಾರಾಧನೆಯೇ? ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರೊಟೆಸ್ಟಂಟರಾದ ಪ್ಯೂರಿಟನ್ನರನ್ನು ನಿಜಕ್ಕೂ ಕಾಡಿದ ಪ್ರಶ್ನೆ ಇದು.

ಅವರಲ್ಲೊಬ್ಬಳು ಮಾರ್ಗರೆಟ್, ಮ್ಯಾಸಚೂಸೆಟ್ಸ್ ಗವರ್ನರ್ ಜಾನ್ ವಿನ್‌ತ್ರಾಪ್‌ನ ಮೂರನೆಯ ಹೆಂಡತಿ. 1630ರಲ್ಲಿ ಆತ ಅಮೆರಿಕಕ್ಕೆ ಹಡಗು ಹತ್ತಿದಾಗ ಈಕೆ ತುಂಬು ಗರ್ಭಿಣಿ, ಇಂಗ್ಲೆಂಡಿನಲ್ಲೇ ಉಳಿದಳು. ಸೋಮವಾರ, ಶುಕ್ರವಾರ ಸಂಜೆ ಐದಕ್ಕೆ ಇಬ್ಬರೂ ಪರಸ್ಪರ ನೆನೆಯಬೇಕೆಂದು ಮಾತಾಯಿತು. ಪ್ರಾರ್ಥನೆಯೋ ಪ್ರಣಯವೋ? ಎರಡೂ ಇದ್ದೀತು. ಕೆಲಸದ ಒತ್ತಡದಲ್ಲಿ ಆ ವೇಳೆ ಎಷ್ಟೋ ಸಲ ಮರೆತುಹೋಯಿತೆಂದು ಜಾನ್ ಅದೇ ವರ್ಷ ಪತ್ರದಲ್ಲಿ ಒಪ್ಪಿಕೊಂಡ. (ಗಂಡಂದಿರು!)

1631ರಲ್ಲಿ ಮಾರ್ಗರೆಟ್ ಅಮೆರಿಕಕ್ಕೆ ಹೊರಟಳು. ಜಾನ್ ಹೋದ ಮೇಲೆ ಹುಟ್ಟಿದ್ದ ಕೂಸು ಆನ್ ಸಮುದ್ರದಲ್ಲೇ ತೀರಿಕೊಂಡಿತು. ಎಲ್ಲವೂ ದೈವಚಿತ್ತವೆಂದು ನಂಬಿದವರಿಗೆ ಇಂಥ ಸಾವು ಅತಿಪ್ರೀತಿಗೆ ದೇವರು ಕಲಿಸಿದ ಪಾಠವಾಗಿ ಕಾಣಬಹುದಿತ್ತು. ಆ ತರ್ಕ ಕ್ರೂರ. ಆದರೂ ದಂಪತಿಯ ಪತ್ರಗಳಲ್ಲಿ ಪ್ರೀತಿ ಭಕ್ತಿಗೆ ಹೆದರಿ ಮುದುಡಿಲ್ಲ.

1647ರಲ್ಲಿ ಮಾರ್ಗರೆಟ್ ಸತ್ತಳು. ವರ್ಷ ತುಂಬುವ ಮೊದಲೇ ಜಾನ್ ನಾಲ್ಕನೆಯ ಮದುವೆಯಾದ.